ಕವಲುಗಲ್ಲು

ಮಕ್ಕಳು ಮಲಗಿದ್ರಾ? ಸರಿ... ಹತ್ತಿರ ಬನ್ನಿ. ಜೋರಾಗಿ ಹೇಳೋ ಮಾತಲ್ಲ ಇದು.

ನನ್ನ ದೊಡ್ಡಮ್ಮನ ಮಗಳು, ನಾನು ಅಕ್ಕ ಅಂತೀನಲ್ಲ, ಅವಳಿಗೂ ಭಾವನಿಗೂ ಒಂದೇ ಕೆಲಸ. ನೆಲ ಅಗೆದು ಹಳೇ ಕಾಲದ್ದನ್ನ ಹುಡುಕೋದು. ಚಿನ್ನ ಗಿನ್ನ ಅಂದ್ಕೋಬೇಡಿ, ಇವರು ಹುಡುಕ್ತಿದ್ದದ್ದು ನೀರಿನ ಕಾಲುವೆ! ಬೆಟ್ಟದ ಮೇಲೆ ಮರವೇ ಇಲ್ಲದ ದೊಡ್ಡ ಹುಲ್ಲುಬಯಲು. ಅದರುದ್ದಕ್ಕೂ ಯಾವ ಕಾಲದಲ್ಲೋ ಕಲ್ಲು ಜೋಡಿಸಿ ನೀರು ಹರಿಸಿದ್ರಂತೆ. ಈಗ ಮೊಣಕಾಲುದ್ದದ ಒಣ ಚರಂಡಿ, ಅಷ್ಟೇ.

ಭಾವ ಎಂಥವನು ಅಂದ್ರೆ, ಕೈ ಮೇಲೆ ಸೊಳ್ಳೆ ಕೂತ್ರೆ ಹೊಡೆಯಲ್ಲ, ಊದಿ ಓಡಿಸ್ತಾನೆ. ಅಕ್ಕ ರೇಗಿದ್ರೆ ಕನ್ನಡಕ ತೆಗೆದು ಒರೆಸ್ತಾ ಕೂರ್ತಾನೆ.

ಆ ಕಾಲುವೆ ಒಂದು ಕಡೆ ಎರಡಾಗಿ ಒಡೆಯುತ್ತೆ. ನಡುವೆ ಒಂದು ಕಲ್ಲು. ಎಡಕ್ಕೊಂದು ಬಲಕ್ಕೊಂದು ಕಚ್ಚು, ಎರಡು ಊರಿಗೂ ನೀರು ಸಮನಾಗಿ ಹೋಗ್ಲಿ ಅಂತ. ಇವರ ಜೊತೆ ಅಗೆಯೋ ತಂಡದವರೆಲ್ಲ ಅದನ್ನ ಕವಲುಗಲ್ಲು ಅಂತಿದ್ರು. ಎಡಗಡೆ ಕಚ್ಚಿಗೆ ಯಾರೋ ಆ ಕಾಲದಲ್ಲೇ ಚಪ್ಪಡಿ ಜಡಿದು ನೀರು ನಿಲ್ಲಿಸಿದ್ರು. ಅವತ್ತು ಬೆಳಿಗ್ಗೆ ಚಪ್ಪಡಿ ಎತ್ತಿದ್ರು... ಕೆಳಗೆ ಒಬ್ಬ ಮನುಷ್ಯನ ಮೂಳೆ. ಬೋರಲು ಬಿದ್ದಿದ್ದಾನೆ. ಕತ್ತಿನ ಹಿಂದೆ ಗುದ್ದಲಿಯ ಕಬ್ಬಿಣ ಹಾಗೇ ಸಿಕ್ಕೊಂಡಿದೆ.

"ನೀರು ಕದಿಯೋಕೆ ಬಂದಿರ್ಬೇಕು," ಅಂದ್ಳಂತೆ ಅಕ್ಕ.

"ತನ್ನ ಪಾಲು ಕೇಳೋಕೆ ಬಂದಿರ್ಬೇಕು," ಅಂದನಂತೆ ಭಾವ.

ಸಂಜೆ ಉಳಿದವರೆಲ್ಲ ಕೆಳಗೆ ಜೀಪಿನ ಹತ್ತಿರ ಹೋದ್ರು. ಮೇಲ್ಗಡೆ ಅಳತೆ ಮುಗಿಸಿ ಇವರಿಬ್ಬರೇ ಕಾಲುವೆ ಪಕ್ಕ ಇಳಿದು ಬರ್ತಿದ್ರು. ಮಂಜು ಕವಿದಿತ್ತು. ಭಾವನ ಹೆಗಲ ಮೇಲೆ ಸನಿಕೆ. ಅಕ್ಕನ ಚೀಲದಲ್ಲಿ ಹಗ್ಗ ಕಟ್ಟೋ ಕಬ್ಬಿಣದ ಗೂಟಗಳು.

ಕವಲುಗಲ್ಲು ಹತ್ತಿರ ಬಂತು. ಆಗ ಶುರುವಾಯ್ತು... ಸಳ... ಸಳ... ಒಣಹುಲ್ಲಿನ ಮೇಲೆ ಒದ್ದೆ ಬಟ್ಟೆ ಎಳೆದ ಹಾಗೆ. ಆಮೇಲೆ ಗುಳುಂ... ಗುಳುಂ... ಕಲ್ಲುಸಂದಿಗೆ ನೀರು ನುಗ್ಗೋ ಸದ್ದು.

"ಕೇಳಿಸ್ತಾ?"

"ಹೂಂ."

ಅಕ್ಕ ಟಾರ್ಚ್ ಹಾಕಿ ನೋಡಿದಳು. ಕಾಲುವೆಯಲ್ಲಿ ಧೂಳು. ಇರುವೆ ಸಾಲು. ನೀರಿಲ್ಲ.

ಭಾವ ಎಡಗಡೆ ಕಾಲುವೆಗೆ ಇಳಿದು ನಿಂತಿದ್ದ. ಮೆಲ್ಲಗೆ ಕೇಳಿದ, "ನಮ್ಮ ಕಡೆ ನೀರು ಯಾಕೆ ಬಂದಿಲ್ಲ?"

"ಸಾಕು ನಾಟಕ. ನಡಿ, ಚಳಿ."

"ಮಕ್ಕಳೆಲ್ಲ ಸತ್ವು... ನೀರು ಯಾಕೆ ಬಂದಿಲ್ಲ?"

ಇವರಿಗೆ ಮಕ್ಕಳೇ ಇಲ್ಲ.

ಸನಿಕೆ ಬೀಸಿದ್ದು ಅವಳಿಗೆ ಕಾಣಲಿಲ್ಲ. ಲಟಕ್! ಅಂತು ಹೆಗಲ ಮೂಳೆ. ಬಿದ್ದಳು. ಭಾವ ಅವಳ ಜುಟ್ಟು ಹಿಡಿದು ದರದರ ಎಳೆದು, ಮುಖ ಒಣ ಕಾಲುವೆಗೆ ಒತ್ತಿದ. ಬೆನ್ನ ಮೇಲೆ ಮಂಡಿಯೂರಿದ. ಒತ್ತಿದ... ಕೇಳಿ, ಅವಳ ಮೂಗಿಗೆ ನೀರು ನುಗ್ಗಿತು. ತಣ್ಣನೆ ನೀರು. ಬಾಯಿ ತುಂಬ. ಒಣ ಧೂಳಲ್ಲಿ ಮುಖವಿಟ್ಟು ಅಕ್ಕ ಮುಳುಗ್ತಿದ್ಳು.

ಕೈಗೆ ಗೂಟ ಸಿಕ್ಕಿತು. ಹಿಂದಕ್ಕೆ ಚುಚ್ಚಿದಳು. ಚಕ್! ತೊಡೆಗೆ. ಅವನು ಕೂಗಲೂ ಇಲ್ಲ. ಇನ್ನೊಂದು ಸಲ, ಮಂಡಿಗೆ, ಎಲುಬು ತಾಗೋ ಹಾಗೆ. ಆಗ ಕೈ ಬಿಟ್ಟ. ಅವಳು ಎದ್ದು ಸನಿಕೆ ಕಿತ್ಕೊಂಡಳು. ಒಂದೇ ಕೈಯಲ್ಲಿ ಬೀಸಿದಳು. ಕಾಲಿಗೆ. ಮತ್ತೆ ಕಾಲಿಗೆ. ಅವನು ಕೆಳಗೆ ಬಿದ್ದ. ಅವಳು ನಿಲ್ಲಿಸಲಿಲ್ಲ.

"ಇಲ್ಲೊಂದು ಮಾತು ಯಾರಿಗೂ ಹೇಳಿಲ್ಲ ಕಣೇ," ಅಂದಳು ನನ್ನ ಹತ್ತಿರ. "ಜೀವ ಉಳಿಸ್ಕೊಳ್ಳೋಕೆ ಹೊಡೀತಿರಲಿಲ್ಲ ನಾನು. ನೀರು ನಮ್ಮದು, ಒಂದು ಹನಿ ಕೊಡಲ್ಲ ಅಂತ ಹೊಡೀತಿದ್ದೆ. ಖುಷಿಯಾಗ್ತಿತ್ತು."

ಕತ್ತಿಗೆ ಗುರಿಯಿಟ್ಟು ಸನಿಕೆ ಎತ್ತಿದ್ಳಂತೆ. ಆಗ ಕೆಳಗಿಂದ ಸಣ್ಣ ದನಿ, ಭಾವನದ್ದೇ...

"ಲೇ... ನನ್ನ ಕನ್ನಡಕ ಎಲ್ಲಿ?"

ಸನಿಕೆ ಕೈಜಾರಿತು. ಠಣ್... ಕಲ್ಲಿನ ಮೇಲೆ. ನೀರಿನ ಸದ್ದು ತಟ್ಟನೆ ನಿಂತಿತು.

ಅವಳ ಕೂಗು ಕೇಳಿ ಡ್ರೈವರ್ ಓಡಿ ಬಂದ. ಭಾವನನ್ನ ಹೊತ್ತುಕೊಂಡು ಇಳಿಸಿದ. ಜಾರಿ ಬಿದ್ವಿ, ಸಾಮಾನು ಮೈಮೇಲೆ ಬಿತ್ತು ಅಂದಳು ಅಕ್ಕ. ಡಾಕ್ಟರ್ ನಂಬಿದ ಹಾಗೆ ಮಾಡಿದ್ರು. ಭಾವನಿಗೆ ಒಂದು ಕಾಲು ಮಂಡಿಯಿಂದ ಕೆಳಗೆ ಉಳೀಲಿಲ್ಲ. ಅವನಿಗೆ ಆ ಸಂಜೆಯದ್ದು ಏನೂ ನೆನಪಿಲ್ಲ. ಕೇಳೋದೂ ಇಲ್ಲ. ಈಗಲೂ ಒಂದೇ ಮನೆ, ಒಂದೇ ಹಾಸಿಗೆ. ಆದ್ರೆ ಬಚ್ಚಲ ನಲ್ಲಿ ತೊಟ್ಟಿಕ್ಕಿದ್ರೆ ಇಬ್ಬರೂ ಮೊದಲು ನೋಡೋದು ಇನ್ನೊಬ್ಬರ ಕೈಯನ್ನ.

ದೆವ್ವ ಗಿವ್ವ ಸುಳ್ಳು, ಗಂಡ ಹೆಂಡತಿ ಜಗಳಕ್ಕೆ ಕತೆ ಕಟ್ಟಿದ್ದಾರೆ ಅಂತ ನಮ್ಮಪ್ಪ ಅಂತಾರೆ. ಅಪ್ಪ ಆಸ್ಪತ್ರೆಯಲ್ಲಿ ಇರಲಿಲ್ಲ. ನಾನಿದ್ದೆ. ಆ ಬಯಲಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲ, ಕುಡಿಯೋ ನೀರನ್ನೂ ಕ್ಯಾನಲ್ಲಿ ಹೊತ್ತುಕೊಂಡು ಹೋಗ್ತಿದ್ರು. ನರ್ಸ್ ಕತ್ತರಿ ಹಾಕಿ ಭಾವನ ಬೂಟು ಸೀಳಿದ್ರು. ಕೆಳಗೆ ಹಿಡಿದಿದ್ದ ಟ್ರೇಗೆ ಬಳಬಳ ಅಂತ ನೀರು ಸುರೀತು. ನೀರಿನ ಜೊತೆ ಒಂದು ಗೊದಮೊಟ್ಟೆ... ಬಾಲ ಆಡಿಸ್ತಾ ಇತ್ತು.

ಟ್ರೇ ಹಿಡ್ಕೊಂಡಿದ್ದವಳು ನಾನೇ.