ಚಾವಣಿ ಸೇತುವೆಯ ಹದಿನೇಳನೆಯ ಹಲಗೆ

ಹೆಸರು ಹರಿಪ್ರಸಾದಾಚಾರಿ, ತಂದೆ ದಿವಂಗತ ಚನ್ನಪ್ಪಾಚಾರಿ, ವಯಸ್ಸು 63, ಏಳನೇ ತರಗತಿ ಪಾಸು, ಕಸುಬು ಮರಗೆಲಸ. ಸ್ವಂತ ಸ್ಥಳ ನಂಜನಗೂಡು ತಾಲ್ಲೂಕು. ಹಾಲಿ ವಾಸ ನೆದರ್‌ಲ್ಯಾಂಡ್ಸ್ ದೇಶದ ಬೆಸ್ಟ್ ಎಂಬ ಊರಿನಲ್ಲಿ, ಅಕ್ಕನ ಮಗಳು ಸ್ಪಂದನಾಳ ಮನೆ.

ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು, ದುಭಾಷಿ ಬಿಲ್ಕೀಸ್ ಅವರಲ್ಲಿ ಕನ್ನಡದಲ್ಲಿ ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ.

ಸ್ಪಂದನಾ ಏಳು ತಿಂಗಳ ಗರ್ಭಿಣಿ. ಅವಳ ಮಗುವಿಗೆ ತೊಟ್ಟಿಲು ಮಾಡಿಕೊಡಲು ನಾನು ಏಪ್ರಿಲ್ 3ರಂದು ಇಲ್ಲಿಗೆ ಬಂದಿರುತ್ತೇನೆ. ನಮ್ಮ ತಾಲ್ಲೂಕಿನ ಅರ್ಧ ಜನ ನಾನು ಮಾಡಿದ ತೊಟ್ಟಿಲಲ್ಲೇ ಮಲಗಿ ಬೆಳೆದವರು.

ಮೇ 11, ಭಾನುವಾರ ಬೆಳಿಗ್ಗೆ 9.40ಕ್ಕೆ ಸ್ಪಂದನಾಳೊಂದಿಗೆ ಗಂಗೆಗೆ ಬಾಗಿನ ಬಿಡಲು, ಮನೆಯಿಂದ 4 ಕಿ.ಮೀ. ದೂರದ ತೊರೆಗೆ ಹೋದೆನು. ದಡಕ್ಕೆಲ್ಲ ತಂತಿ ಬೇಲಿ. ಇದ್ದದ್ದು ಒಂದು ಮರದ ಸೇತುವೆ. ಅಮೆರಿಕದ ಹಳ್ಳಿಗಳ ಚಾವಣಿ ಸೇತುವೆಗಳಲ್ಲಿ ಕೆಲಸ ಮಾಡಿ ಬಂದ ಒಬ್ಬ ಬಡಗಿ ಕಟ್ಟಿದ್ದು. ಉದ್ದ 22 ಮೀಟರ್, ಮೇಲೆ ಮನೆಯಂತೆ ಚಾವಣಿ, ಎರಡೂ ಕಡೆ ಆಳೆತ್ತರದ ಹಲಗೆ ಗೋಡೆ. ಮಳೆ ನೀರು ಮರಕ್ಕೆ ತಾಗದಿರಲೆಂದು ಹಾಗೆ ಮಾಡಿರುತ್ತಾರೆ. ನಿಂತರೆ ನೀರಿನ ಸದ್ದು ಕೇಳುತ್ತದೆ, ನೀರು ಕಾಣುವುದಿಲ್ಲ.

ಒಂದು ಹಲಗೆ ಬಿಚ್ಚಿ ಎರಡೇ ನಿಮಿಷದಲ್ಲಿ ಕೂರಿಸುತ್ತೇನೆಂದೆ. ಇಲ್ಲಿ ಪರ್ಮಿಷನ್ ಇಲ್ದೆ ಒಂದು ಎಲೇನೂ ಕೀಳಂಗಿಲ್ಲ ಮಾವ, ಸುಮ್ನೆ ಬನ್ನಿ ಎಂದು ಸ್ಪಂದನಾ ಹೇಳಿದಳು. ನಿನ್ನ ಮಾವನ ಕೈ ಬಿದ್ದದ್ದು ಹಲಗೆಗೂ ಗೊತ್ತಾಗಲ್ಲ ಕಣೇ ಎಂದು ನಾನು ಹೇಳಿದೆನು. ಜೇಬಿನಲ್ಲಿದ್ದ ಸಣ್ಣ ಉಳಿಯಿಂದ ಎಡಗಡೆಯ ಹದಿನೇಳನೆಯ ಹಲಗೆಯ ನಾಲ್ಕು ಮರದ ಗೂಟ ತೆಗೆದೆನು. ಅವಳು ಬಾಗಿನ ಬಿಟ್ಟಳು.

ಕೂರಿಸುವಾಗ ಮೇಲಿನ ಎರಡು ಗೂಟ ಹಾಕಲಿಲ್ಲ. ಒಂದು ಸೀಳಿತ್ತು. ಇನ್ನೊಂದನ್ನು ಊರಲ್ಲಿ ತೋರಿಸಲು ಜೇಬಿಗಿಟ್ಟುಕೊಂಡೆನು. ಬದಲಿಗೆ ಸೇತುವೆ ಪಕ್ಕದ ಗಿಡದ ಹಸಿ ಕಡ್ಡಿ ಕೆತ್ತಿ ಹೊಡೆದು, ಬಣ್ಣ ಹೊಂದಲಿ ಎಂದು ಫ್ಲಾಸ್ಕಿನ ಕಾಫಿ ಹಚ್ಚಿದೆನು. ಹಸಿ ಮರ ಒಣಗಿದರೆ ಸಣ್ಣಗಾಗುತ್ತದೆಂಬುದು ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವ ಮಾತು.

ಮೇ 24, ಶನಿವಾರ ಮಧ್ಯಾಹ್ನ 3.15ಕ್ಕೆ ನಾನು ಕೂರಿಸಿದ ಹಲಗೆ ಬಿತ್ತು. ಕೆಳಗೆ ದೋಣಿಯಲ್ಲಿ ಹೋಗುತ್ತಿದ್ದ ಹೆಂಗಸಿನ ಭುಜಕ್ಕೆ ನಾಲ್ಕು ಹೊಲಿಗೆ ಬಿದ್ದಿವೆ.

ಸೇತುವೆಯನ್ನು ಸಂಬಳವಿಲ್ಲದೆ 22 ವರ್ಷದಿಂದ ನೋಡಿಕೊಂಡಿರುವವರು ವಿಲೆಮ್, 79 ವರ್ಷ. ಮೇ 17ರಂದು ಅವರು ಎಲ್ಲ ಹಲಗೆ ತಟ್ಟಿ ನೋಡಿ ತಪಾಸಣೆ ಪುಸ್ತಕದಲ್ಲಿ ಸಹಿ ಹಾಕಿದ್ದರು. ನೋಡದೆಯೇ ಹಾಕಿದ್ದಾರೆ, ಅವರ ಬಳಿಯಿರುವ ಸೇತುವೆಯ ಬಾಗಿಲಿನ ಕೀಲಿ ವಾಪಸು ಪಡೆಯಬೇಕೆಂದು ಸೇತುವೆಯ ಸಂಘದವರು ಇಂದು ಸಂಜೆ 5 ಗಂಟೆಗೆ ಸಭೆ ಕರೆದಿರುತ್ತಾರೆ.

ನಿನ್ನೆ ನಾನು ನಾಲ್ಕು ಸಲ ಸೇತುವೆಗೆ ಹೋಗಿ ಬಂದೆನು. ಊಟಕ್ಕೆ ಕೂತವನು ಎದ್ದೆ, ತೊಟ್ಟಿಲಿಗೆ ಅಳತೆ ತಪ್ಪಿ ಎರಡು ಪಟ್ಟಿ ಹಾಳು ಮಾಡಿದೆ. ನಾಲ್ಕನೇ ಸಲ, 4.20ಕ್ಕೆ, ಸ್ಪಂದನಾ ಜೊತೆಗೆ ಬಂದಳು. ವಿಲೆಮ್ ಖಾಲಿ ಜಾಗದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಈ ಹಲಗೆಯನ್ನೂ ತಟ್ಟಿದ ನೆನಪು, ಆದರೆ ಈಗ ನನ್ನ ಕೈಯನ್ನೇ ನಾನು ನಂಬಲಾರೆ, ಕೀಲಿ ಕೊಟ್ಟುಬಿಡುತ್ತೇನೆ ಎಂದು ಅವಳೊಂದಿಗೆ ಹೇಳಿರುತ್ತಾರೆ. ನಾನು ಅವರ ಮುಖ ನೋಡಲಿಲ್ಲ.

ಮನೆಯಲ್ಲಿ ವಿಷಯ ಹೇಳಿದೆ. ಸ್ಪಂದನಾಳ ಗಂಡ ದಿವಾಕರ, ನಿಮ್ಮ ವೀಸಾಗೇ ತೊಂದ್ರೆ ಆಗತ್ತೆ ಮಾವ, ಸುಮ್ನಿರಿ, ಅಷ್ಟಕ್ಕೂ ನೀವು ಹೇಳಿದ್ರೆ ಯಾರು ನಂಬ್ತಾರೆ, ಮೊನ್ನೆ ಅರಮನೆ ಬಾಗಿಲು ನಾನೇ ಮಾಡಿದ್ದು ಅಂದ್ರಲ್ಲ ಎಂದನು. ಆ ಬಾಗಿಲು ನಾನು ಮಾಡಿದ್ದಲ್ಲ. ಈ ಹಲಗೆ ನಾನೇ ಬಿಚ್ಚಿದ್ದು.

ವಿಲೆಮ್ ಅವರು ನೋಡಿಯೇ ಸಹಿ ಹಾಕಿದ್ದಾರೆ. ಆ ದಿನ ಕಡ್ಡಿ ಇನ್ನೂ ಹಸಿಯಾಗಿ ಬಿಗಿಯಾಗಿತ್ತು, ಮೇಲೆ ಕಾಫಿ ಬಣ್ಣ. ನಾನಾಗಿದ್ದರೂ ಮೋಸ ಹೋಗುತ್ತಿದ್ದೆ. ಅಸಲಿ ಗೂಟವನ್ನು ಈ ಹೇಳಿಕೆಯೊಂದಿಗೆ ಒಪ್ಪಿಸಿರುತ್ತೇನೆ. ಇದು 5 ಗಂಟೆಗೆ ಮೊದಲು ಸಂಘದವರಿಗೆ ತಲುಪಬೇಕು. ನನ್ನನ್ನು ಊರಿಗೆ ಕಳಿಸುವುದಾದರೆ ತೊಟ್ಟಿಲಿಗೆ ಇನ್ನು ಮೂರು ದಿನದ ಕೆಲಸ ಬಾಕಿಯಿದೆ ಎಂಬುದನ್ನೂ ಬರೆದುಕೊಳ್ಳಬೇಕು.

ಬಿಲ್ಕೀಸ್ ಅವರು ಬರೆದದ್ದನ್ನು ಓದಿ ಹೇಳಿದರು. ಅವರು ‘ಹಲಗೆ ಬಿತ್ತು’ ಎಂದಷ್ಟೇ ಬರೆದಿದ್ದ ಕಡೆ ‘ನಾನು ಕೂರಿಸಿದ’ ಎಂದು ಸೇರಿಸಿದ್ದೇನೆ. ಮಿಕ್ಕದ್ದು ನಡೆದದ್ದು ನಡೆದಂತೆ ಇದೆ.

ಬೆಸ್ಟ್, 26-05-2025, ಮಧ್ಯಾಹ್ನ 2.35
(ಸಹಿ) ಹರಿಪ್ರಸಾದಾಚಾರಿ