ಬಾಯಿ ಹೊಲಿದ ಏಳು ಜೇಬು

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ನಮ್ಮ ಬೀದಿಯ ಟೈಲರಮ್ಮ, ಮಡಿಸಿದ ಬಟ್ಟೆಯೊಂದನ್ನು ಸೊಸೆಯ ತೊಡೆಯ ಮೇಲೆ ಬಿಡಿಸಿದರು. ಅದರಲ್ಲಿ ಎರಡು ಸಾಲು ಪುಟ್ಟ ಜೇಬುಗಳಿದ್ದವು.

“ಇದೇನತ್ತೆ?”

“ನೀನು ತಂದ್ಕೊಟ್ಟ ಮಾತ್ರೆ ಕಣೇ. ಈಗಿಂದ್ಲೇ ತಗೊಂಡ್ರೆ ಮಂಡಿ ಆಪರೇಷನ್ ಆದ್ಮೇಲೆ ನೋವು ಕಮ್ಮಿ ಇರುತ್ತೆ ಅಂದ್ಯಲ್ಲ. ಮೇಲಿನ ಸಾಲು ವಿಟಮಿನ್, ಕೆಳಗಿಂದು ಮೀನೆಣ್ಣೆ. ದಿನಕ್ಕೊಂದು ಜೇಬು.”

“ಕೆಳಗಡೆ ಏಳು ಜೇಬು ಮುಚ್ಚೇ ಇದೆಯಲ್ಲ?”

“ಡಾಕ್ಟರಿಗೆ ಎರಡೂ ತೋರಿಸ್ದೆ. ವಿಟಮಿನ್ ಇರ್ಲಿ, ಮೀನೆಣ್ಣೆ ಆಪರೇಷನ್ಗೆ ಮುಂಚಿನ ಕೊನೇ ವಾರ ಬೇಡ, ರಕ್ತ ಜಾಸ್ತಿ ಹೋಗ್ಬಹುದು ಅಂದ್ರು.”

“ಅಯ್ಯೋ! ಒಂದು ದಿನಾನೂ ತಪ್ಪಿಸ್ಬೇಡಿ ಅಂತ ನಾನೇ ಪ್ರಾಣ ತಿಂದಿದ್ದೆ.”

“ಹೂಂ. ನೀನು ಕೊಟ್ಟಿದ್ದು ಅಂತ ಕೈ ಅಲ್ಲಿಗೇ ಹೋಗ್ತಿತ್ತು. ಅದಕ್ಕೇ ಬಾಯಿ ಹೊಲಿದ್ಬಿಟ್ಟೆ.”

ಸೊಸೆ ಒಂದೊಂದೇ ಜೇಬನ್ನು ಒತ್ತಿ ನೋಡಿದಳು. ಏಳರಲ್ಲೂ ಮಾತ್ರೆ ಹಾಗೇ ಇತ್ತು.

“ಎಂಥಾ ತಲೆ ಅತ್ತೆ ನಿಮ್ದು! ನೋವು ನಿಜವಾಗ್ಲೂ ಕಮ್ಮಿ ಆಗುತ್ತಾ?”

“ಖಾತ್ರಿ ಇಲ್ಲ ಅಂದ್ರು. ಆಗ್ದೇ ಇದ್ರೂ ನಿನ್ನ ಮೇಲೆ ಗೂಬೆ ಕೂರ್ಸಲ್ಲ, ಕಣ್ಣೊರೆಸ್ಕೋ.”

ಆಪರೇಷನ್ನಿಗೆ ಬನ್ನಿ ಎಂದು ಒಳಗಿನಿಂದ ನರ್ಸ್ ಕರೆದಳು. ಟೈಲರಮ್ಮ ಚೀಲದಿಂದ ಸಣ್ಣ ಕತ್ತರಿ ತೆಗೆದು ಸೊಸೆಯ ಕೈಗಿಟ್ಟು, ಅವಳ ಭುಜ ಹಿಡಿದು ಎದ್ದರು.

“ಮತ್ತೆ ಶುರು ಮಾಡಿ ಅಂತ ಡಾಕ್ಟರು ಹೇಳಿದ ದಿನ ನೀನೇ ಬಿಚ್ಚು.”

“ನಂಗೆ ಹೊಲಿಗೆ ಬಿಚ್ಚೋಕೆ ಬರಲ್ಲ ಅತ್ತೆ, ಬಟ್ಟೆ ಹರಿದ್ಹೋಗುತ್ತೆ.”

ಬಾಗಿಲು ದಾಟುತ್ತಾ ಟೈಲರಮ್ಮ ಹೇಳಿದ್ದು ನನಗೂ ಕೇಳಿಸಿತು.

“ಹೇಳ್ಕೊಡೋಕೆ ನಾನು ಪಕ್ಕದಲ್ಲೇ ಇರ್ತೀನಲ್ಲ.”