ಎಡಗಣ್ಣಿಗೆ ಹೊಕ್ಕ ಟೈಲ್ಸ್ ಚೂರು

ನನ್ನ ಹೆಸರು ಯಂಕಮ್ಮ, ಗಂಡ ಬೂದೆಪ್ಪ, ವಯಸ್ಸು 38, ಕಟ್ಟಡ ಕೂಲಿ ಕೆಲಸ. ಸ್ವಂತ ಊರು ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು. ಸದ್ಯ ಹೈದರಾಬಾದಿನ ಲಿಂಗಂಪಲ್ಲಿಯ ಕೂಲಿ ಶೆಡ್ಡಿನಲ್ಲಿ ವಾಸ. ಆಸ್ಪತ್ರೆಯ ಮಂಚದಿಂದಲೇ ಪೊಲೀಸರಿಗೆ ತಿಳಿಸುವುದೇನೆಂದರೆ,

ಚಿಕ್ಕಂದಿನಲ್ಲಿ ದಡಾರ ಬಂದು ನನ್ನ ಬಲಗಣ್ಣು ಹೋಗಿದೆ. ಎಡಗಣ್ಣೊಂದರಲ್ಲೇ ಇಷ್ಟು ವರ್ಷ ದುಡಿದು ತಿಂದಿದ್ದೇನೆ. ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಟೈಲ್ಸ್ ಕತ್ತರಿಸುವ ಮಿಷನ್ನಿಗೆ ನೀರು ಬಿಡುತ್ತಿದ್ದೆನು. ಬ್ಲೇಡು ಬಿರುಕು ಬಿಟ್ಟಿದೆ ಎಂದು ಮೊದಲೇ ಮೇಸ್ತ್ರಿಗೆ ಹೇಳಿದ್ದೆನು. ಸಂಜೆತನಕ ಓಡಿಸಿ, ಆಮೇಲೆ ನೋಡೋಣ ಎಂದಿದ್ದನು. ಚೂರೊಂದು ಸಿಡಿದು ಎಡಗಣ್ಣಿಗೆ ಹೊಕ್ಕಿತು. ಹಾಡುಹಗಲೇ ನನಗೆ ಕತ್ತಲಾಯಿತು. ಬಹಳ ಹೆದರಿದೆನು.

ಜೊತೆಗೆ ದುಡಿಯುವ ಗದಿಗೆಮ್ಮ, ಎದೆಹಾಲು ಬಿಟ್ಟರೆ ಕಣ್ಣು ತಂಪಾಗುತ್ತದೆಂದು ಬಾಣಂತಿಯೊಬ್ಬಳನ್ನು ಕರೆತಂದಳು. ನಾನು ಯಾರಿಗೂ ಮುಟ್ಟಗೊಡಲಿಲ್ಲ. “ಇರೋದು ಒಂದ ಕಣ್ಣವ್ವ, ಮೊದ್ಲ ದವಾಖಾನಿಗಿ ನಡಿ” ಎಂದೆನು.

ಆಟೋದಲ್ಲಿ ಗದಿಗೆಮ್ಮನ ಜೊತೆ ಮೇಸ್ತ್ರಿಯೂ ಬಂದನು. ಬಚ್ಚಲಲ್ಲಿ ಜಾರಿ ಬಿದ್ದೆನೆಂದು ಹೇಳಬೇಕು, ಇಲ್ಲದಿದ್ದರೆ ಗಂಡನಿಗೂ ಕೆಲಸವಿಲ್ಲ ಎಂದು ದಾರಿಯುದ್ದಕ್ಕೂ ಕಿವಿಯಲ್ಲಿ ಊದಿದನು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮನಿಗೆ ತೆಲುಗಿನಲ್ಲಿ ಹಾಗೆಯೇ ಹೇಳಿಬಿಟ್ಟನು. ನನಗೆ ತೆಲುಗು ಆಡಲು ಬಾರದು, ಕೇಳಿದರೆ ತಿಳಿಯುತ್ತದೆ. “ಸುಳ್ಳು ಹೇಳಾಕತ್ತಾನ್ರೀ ಅಮ್ಮಾರ! ಟೈಲ್ಸ್ ಚೂರು ಸಿಡದೈತಿ, ಒಳಗ ಐತಿ” ಎಂದು ಕೂಗಿದೆನು. ಗದಿಗೆಮ್ಮ ಅದನ್ನೇ ತೆಲುಗಿನಲ್ಲಿ ಹೇಳಿದಳು.

ಸ್ಕ್ಯಾನ್ ಮಾಡಿದಾಗ ಚೂರು ಕಂಡಿತು. ಅದು ಗೊತ್ತಾಗದೆ ಬರೀ ಹೊಲಿದಿದ್ದರೆ ಒಳಗೇ ಕೀವಾಗಿ ಕಣ್ಣು ಹೋಗುತ್ತಿತ್ತೆಂದು ಡಾಕ್ಟರಮ್ಮ ತಿಳಿಸಿದರು. ಅದೇ ದಿನ ಆಪರೇಷನ್ ಮಾಡಿ ತೆಗೆದರು.

ಮಂಗಳವಾರ ಪೊಲೀಸಿನ ಶ್ರೀನಿವಾಸ ಅವರು ಬಂದರು. ಜಹೀರಾಬಾದ್ ಕಡೆಯವರು, ಕನ್ನಡ ಬಲ್ಲವರು. ಮೇಲಿನದನ್ನು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಲು ಹೇಳಿದರು. ನಾನು ಒತ್ತಲಿಲ್ಲ. ಐದನೇ ಇಯತ್ತೆ ಓದಿದವಳು, ಪಟ್ಟಿ ಬಿಚ್ಚಿದ ಮೇಲೆ ನಾನೇ ಓದುತ್ತೇನೆ ಎಂದೆನು. ಕಣ್ಣು ಕಾಣದಿದ್ದರೆ ಏನು ಮಾಡುತ್ತೀ ಎಂದು ಮೆಲ್ಲಗೆ ಕೇಳಿದರು. “ಕಾಣ್ತೈತ್ರಿ. ನೀವು ಅಕ್ಷರ ದಪ್ಪಗ ಬರೀರಿ” ಎಂದೆನು.

ಇಂದು ಪಟ್ಟಿ ಬಿಚ್ಚಿದರು. ಮಂಜು ಮಂಜಾಗಿದೆ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ನಡುವೆ ಕಣ್ಣು ಮುಚ್ಚಿ ಸುಧಾರಿಸಿಕೊಂಡು, ಪೂರ್ತಿ ಓದಿದೆನು. ಎಲ್ಲ ಕಡೆ ಬರೀ ಮೇಸ್ತ್ರಿ ಎಂದಿದೆ. ಅವನಿಗೊಂದು ಹೆಸರಿದೆ, ಪರಮೇಶ. ಅದನ್ನೂ ಬರೆಸಿದ್ದೇನೆ.

ಈಗ ಇದರಲ್ಲಿರುವುದೆಲ್ಲ ನಿಜವೆಂದು ನನ್ನ ಎಡಗಣ್ಣಿನಿಂದಲೇ ಓದಿ ಸಹಿ ಮಾಡಿದ್ದೇನೆ.

ಸ್ಥಳ: ಹೈದರಾಬಾದ್
ದಿನಾಂಕ: 14-11-2024
ಸಹಿ: ಯಂಕಮ್ಮ